ಸಹಾಯ ಬೇಕು: ಡ್ರೈನ್ ಕ್ಲೀನರ್ ಕುಡಿದ ಮಗುವಿಗೆ ನುಂಗಲು ಆಗುತ್ತಿಲ್ಲ

ನಮಸ್ಕಾರ ಎಲ್ಲರಿಗೂ. ನನ್ನ ಅಕ್ಕನ ಮಗನಿಗೆ 4 ವರ್ಷ. 7 ವಾರದ ಹಿಂದೆ ನೀರಿನ ಬಾಟಲಿಗೆ ತುಂಬಿಟ್ಟಿದ್ದ ಡ್ರೈನ್ ಕ್ಲೀನರನ್ನು ಒಂದು ಗುಟುಕು ಕುಡಿದುಬಿಟ್ಟ. ತುಟಿ ಊದಿತು, ಜೊಲ್ಲು ನಿಲ್ಲಲೇ ಇಲ್ಲ. ಪಕ್ಕದವರು ವಾಂತಿ ಮಾಡಿಸಿ ಅಂದರು. ಅಕ್ಕ ಮಾಡಿಸಲಿಲ್ಲ, ಅದೇ ಒಳ್ಳೇದಾಯ್ತು. ವಾಂತಿಯಾದರೆ ಸುಟ್ಟ ಜಾಗ ಮತ್ತೆ ಸುಡುತ್ತದೆ.

ಮಾರನೇ ದಿನ ಎಂಡೋಸ್ಕೋಪಿ ಮಾಡಿ 2ಬಿ ಗ್ರೇಡ್ ಅಂತ ಬರೆದರು. ಅಂದರೆ ಹುಣ್ಣು ಆಳವಾಗಿದೆ, ಇಲ್ಲವೇ ಅನ್ನನಾಳದ ಸುತ್ತಲೂ ಹರಡಿದೆ. ಆ ಡ್ರೈನ್ ಕ್ಲೀನರಿನಲ್ಲಿದ್ದ ಕ್ಷಾರ ಮಾಂಸವನ್ನು ಕರಗಿಸುತ್ತಾ ಒಳಗೆ ಇಳಿಯುತ್ತದಂತೆ, ಅದಕ್ಕೇ ಒಂದೇ ಗುಟುಕಿಗೆ ಇಷ್ಟು ಗಾಯ. ಮೊದಲು ಚೇತರಿಸಿಕೊಂಡ, ನಾವೂ ಸಮಾಧಾನಪಟ್ಟೆವು. 4ನೇ ವಾರದಿಂದ ನುಂಗಲು ಕಷ್ಟವಾಯಿತು. ಗಾಯ ಮಾಯುತ್ತಾ ನಾಳ ಕಿರಿದಾಗಿದೆ. ಈಗ ನೀರನ್ನೂ ಚಮಚದಲ್ಲೇ ಹಾಕಬೇಕು. ಒಂದು ಚಮಚ ನುಂಗಿ, ಕುತ್ತಿಗೆ ಮುಂದೆ ಚಾಚಿ, ಇಳಿಯುವವರೆಗೂ ನಮ್ಮ ಮುಖ ನೋಡುತ್ತಾ ಕೂರುತ್ತಾನೆ. ಕರುಳು ಕಿತ್ತು ಬರುತ್ತೆ.

ಬಲೂನ್ ಹಾಕಿ ಒಮ್ಮೆ ಹಿಗ್ಗಿಸಿದ್ದಾರೆ. 10 ದಿನಕ್ಕೇ ಮತ್ತೆ ಬಿಗಿಯಾಯಿತು. ಇನ್ನೂ ಹಲವು ಸಲ ಮಾಡಬೇಕು, ನಾಳ ತೂತಾಗುವ ಅಪಾಯವೂ ಇದೆ ಅಂದಿದ್ದಾರೆ.

ನಿಮ್ಮ ಮಕ್ಕಳಿಗೆ ಇದನ್ನು ಮಾಡಿಸಿದವರು ಇದ್ದೀರಾ? ಎಷ್ಟು ಸಲ ಹಿಗ್ಗಿಸಿದ ಮೇಲೆ ಗಟ್ಟಿ ಊಟ ಇಳಿಯಿತು? ತೂಕ ತುಂಬಾ ಇಳಿದಿದೆ, ಹೊಟ್ಟೆಗೆ ನೇರವಾಗಿ ಟ್ಯೂಬ್ ಇಡೋಣ ಅಂತಿದ್ದಾರೆ. ಅಕ್ಕನಿಗೆ ಭಯ. ಟ್ಯೂಬ್ ಇಡಿಸಿದವರು ಸ್ನಾನ, ಆಟ, ನಿದ್ದೆ ಎಲ್ಲಾ ಹೇಗೆ ನಿಭಾಯಿಸಿದಿರಿ, ದಯವಿಟ್ಟು ಹೇಳಿ. ಡಾಕ್ಟರುಗಳಿದ್ದರೆ ಇನ್ನೊಂದು ಪ್ರಶ್ನೆ: ಹಿಗ್ಗಿಸಿದ ಜಾಗಕ್ಕೆ ಮೈಟೋಮೈಸಿನ್ (ನಾಳ ಮತ್ತೆ ಬಿಗಿಯಾಗದಂತೆ ತಡೆಯಲು ಬಳಸುವ ಔಷಧಿ) ಹಚ್ಚುವ ಬಗ್ಗೆ ಕೇಳಿದ್ದೇವೆ. ಇಷ್ಟು ಚಿಕ್ಕ ಮಗುವಿಗೆ ಅದನ್ನು ಯಾವಾಗ ಯೋಚಿಸುತ್ತಾರೆ? ಮುಂದಿನ ಸಲ ಹಿಗ್ಗಿಸುವುದು ಸೋಮವಾರ.