ಬಂಡೆಗೆ ಬಡಿದ ಅಲೆಯ ಹನಿಗೆ ‘ಎರಚಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ಕಡಲು ನೋಡಬೇಕಾದರೆ ಶಿರಾಡಿ ಘಾಟಿ ಇಳಿಯಬೇಕು. ಹಾಗಾಗಿ ಈ ಪ್ರಶ್ನೆ ಕರಾವಳಿಯವರಿಗೇ ಜಾಸ್ತಿ.

ಹೋದ ಡಿಸೆಂಬರಿನಲ್ಲಿ ಕಾಪುವಿನ ದೀಪಸ್ತಂಭದ ಹತ್ತಿರ ಬಂಡೆ ಮೇಲೆ ಕೂತು ಹಕ್ಕಿ ಫೋಟೊ ತೆಗೆಯುತ್ತಿದ್ದೆ. ಸೂರ್ಯ ಮುಳುಗಿ ಹತ್ತು ನಿಮಿಷ ಆಗಿತ್ತು. ಗಾಳಿ ತಿರುಗಿತು. ಕೆಳಗೆ ಅಲೆ ಬಡಿದ ನೀರು ಅಡ್ಡಡ್ಡ ಬಂದು ಲೆನ್ಸಿಗೆ ಹೊಡೆಯಿತು. ‘ಥೂ, ಎರಚಲು!’ ಅಂತ ಬಾಯಿಂದ ತಾನಾಗೇ ಬಂತು. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದವರು ಆಕಾಶ ನೋಡಿದರು. ‘ಮಳೆ ಎಲ್ಲುಂಟು ಮಾರಾಯ್ರೆ?’ ಅಂದರು.

ಅವರು ಕೇಳಿದ್ದು ಸರಿಯೇ. ನಮ್ಮ ಕಡೆ ಎರಚಲು ಅಂದರೆ ಗಾಳಿಗೆ ಓರೆಯಾಗಿ ಜಗಲಿಗೆ ನುಗ್ಗುವ ಮಳೆ. ‘ಎರಚಲು ಹೊಡೀತದೆ, ಮೂಟೆ ಒಳಗಿಡೋ’ ಅಂತ ಅಮ್ಮ ಕೂಗದ ಜುಲೈ ಇಲ್ಲ. ಹಿಂದೆ ಎರಚಲಿಗೆ ಅಂತಲೇ ಜಗಲಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಈಗ ನೀಲಿ ಟಾರ್ಪಾಲು. ಆದರೆ ಪದದೊಳಗೆ ಮಳೆ ಎಲ್ಲಿದೆ? ‘ಎರಚು’ ಅಂದರೆ ಚೆಲ್ಲು, ತೂರು. ನೀರು ಎರಚಬಹುದು, ಕೆಸರು ಎರಚಬಹುದು. ಚುನಾವಣೆ ಬಂದರೆ ಪತ್ರಿಕೆಯಲ್ಲಿ ದಿನಾ ಕೆಸರೆರಚಾಟ. ಎರಚುವುದಕ್ಕೆ ಒಂದು ಕೈ ಬೇಕು, ಅಷ್ಟೇ. ಜಗಲಿಯಲ್ಲೂ ಬಂಡೆ ಮೇಲೂ ಆ ಕೈ ಗಾಳಿಯದೇ ಅಲ್ವಾ?

ಇಷ್ಟೆಲ್ಲ ಯಾಕೆ ಅಂದರೆ, ಆ ಸಂಜೆಯ ಮೂರು ಫೋಟೊಗಳನ್ನು ಹಾಸನದಲ್ಲಿ ಗೆಳೆಯರು ಸೇರಿ ಇಡುವ ಪುಟ್ಟ ಪ್ರದರ್ಶನಕ್ಕೆ ಕೊಡುತ್ತಿದ್ದೇನೆ. ಪ್ರತಿ ಫೋಟೊ ಕೆಳಗೂ ಕನ್ನಡದಲ್ಲಿ ಒಂದು ಸಾಲು ಬೇಕು. ‘ಸ್ಪ್ರೇ’ ಅಂತ ಬರೆಯಲು ಮನಸ್ಸಿಲ್ಲ. ಕಾಫಿ ತೋಟದವರಿಗೆ ಸ್ಪ್ರೇ ಅಂದರೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಔಷಧಿ.

ಮೂರರಲ್ಲೂ ಬಂಡೆ ಒಂದೇ, ನೀರು ಮಾತ್ರ ಬೇರೆ ಬೇರೆ. ಮೊದಲನೆಯದು ಬೆಳಕಿದ್ದಾಗ 1/1000 ಸೆಕೆಂಡಿನಲ್ಲಿ ತೆಗೆದದ್ದು. ಹಕ್ಕಿ ರೆಕ್ಕೆ ಎತ್ತಿದೆ. ಹಿಂದೆ ಮೇಲೆದ್ದ ನೀರಿನಲ್ಲಿ ಒಂದೊಂದು ಹನಿಯನ್ನೂ ಎಣಿಸಬಹುದು, ಒಗ್ಗರಣೆಯ ಸಾಸಿವೆ ಹಾರಿದ ಹಾಗೆ. ಇದು ಎರಚಲು ಅಲ್ಲ ಅಂತ ನನ್ನ ಕಿವಿ ಹೇಳುತ್ತೆ. ಇದು ಸಿಡಿದದ್ದು. ಎಣ್ಣೆ ಸಿಡಿಯುತ್ತೆ, ಬಸ್ಸಿನ ಚಕ್ರದಿಂದ ಕೆಸರು ಸಿಡಿಯುತ್ತೆ, ಅದಕ್ಕೆ ಗಾಳಿ ಬೇಕಿಲ್ಲ. ಹಾಗಾಗಿ ‘ಸಿಡಿಹನಿ’ ಅಂತ ಬರೆದಿದ್ದೇನೆ. ತುಂತುರು ಅನ್ನಬಹುದಿತ್ತು, ಆದರೆ ತುಂತುರು ಮೇಲಿನಿಂದ ಬೀಳುವಂಥದ್ದು. ಇದು ಕೆಳಗಿನಿಂದ ಏಳುತ್ತಿದೆ.

ಎರಡನೆಯದು ಕತ್ತಲು ಕವಿಯುವಾಗ ಟ್ರೈಪಾಡ್ ಇಟ್ಟು 2 ಸೆಕೆಂಡ್ ಬೆಳಕು ಬಿಟ್ಟದ್ದು. ಹನಿಗಳೆಲ್ಲ ಕರಗಿ ಬಂಡೆಯ ಸುತ್ತ ಬೆಳ್ಳಗೆ ಹೊಗೆಯಂತೆ ಕಾಣುತ್ತೆ. ಹಕ್ಕಿಯೂ ಒಂದು ಬೂದು ಗೀರು ಆಗಿಬಿಟ್ಟಿದೆ. ನೋಡಿದವರೆಲ್ಲ ‘ಮಂಜು’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನಮ್ಮೂರ ಮಂಜು ಬೆಳಗ್ಗೆ ಬಂದು ತೋಟದ ಮೇಲೆ ಸುಮ್ನೆ ಕೂತಿರುತ್ತೆ. ಕಡಲಿನ ಈ ಬಿಳಿಗೆ ಕೂರಲು ಪುರುಸೊತ್ತಿಲ್ಲ. ನೊರೆಯೂ ಅಲ್ಲ, ನೊರೆ ನೀರಿನ ಮೇಲೇ ಇರುತ್ತೆ. ಇದಕ್ಕೆ ನನ್ನ ಬಳಿ ಪದವೇ ಇಲ್ಲ.

ಮೂರನೆಯದು ಲೆನ್ಸ್ ಒದ್ದೆಯಾದ ಮೇಲಿನದು. ದೀಪಗಳೆಲ್ಲ ಹಿಗ್ಗಿ ಬಿಲ್ಲೆಗಳಾಗಿವೆ. ಅಂಗಿಯಲ್ಲಿ ಒರೆಸಿದ್ದು ನನ್ನದೇ ತಪ್ಪು, ಒಣಗಿದಾಗ ಉಪ್ಪಿನ ಬಿಳಿ ಕಲೆ ಗಾಜಿಗೆಲ್ಲ ಮೆತ್ತಿಕೊಂಡಿತ್ತು. ಇದಕ್ಕೇ ‘ಕಡಲ ಎರಚಲು’ ಅಂತ ಇಡಬೇಕು ಅಂತಿದ್ದೇನೆ.

ಮೊದಲು ‘ತೆರೆಯ ಹನಿ’ ಅಂತಲೂ ಬರೆದು ನೋಡಿದ್ದೆ. ಒಬ್ಬ ಗೆಳೆಯ ಸಿನಿಮಾ ತೆರೆ ಅಂದುಕೊಂಡ. ತೆರೆ ಅಂದರೆ ಅಲೆ, ಪರದೆ, ನರೆ-ತೆರೆ ಅನ್ನುವಾಗ ಮುಖದ ಸುಕ್ಕು. ತಮಿಳಿನ ‘ತಿರೈ’ಗೂ ಈ ಮೂರೂ ಅರ್ಥಗಳಿವೆ. ಮಡಿಕೆ ಮಡಿಕೆಯಾಗಿ ಕಾಣುವುದೆಲ್ಲ ತೆರೆಯೇ ಇರಬೇಕು. ಚೆಂದದ ಪದ, ಆದರೆ ಹಾಸನದ ಗೋಡೆ ಮೇಲೆ ‘ಅಲೆ’ಯೇ ವಾಸಿ.

ಮೂರಕ್ಕೂ ಸೇರಿದ ತಲೆಬರಹಕ್ಕೆ ‘ಗೋಧೂಳಿ’ ಅಂತ ಒಬ್ಬರು ಹೇಳಿದರು. ಆ ಬಂಡೆ ಮೇಲೆ ಹಸುವೂ ಇಲ್ಲ, ಧೂಳೂ ಇಲ್ಲ. ‘ಮೂರ್ಸಂಜೆ’ ಅಂತ ಇಟ್ಟಿದ್ದೇನೆ. ‘ಮೂರ್ಸಂಜೆ ಹೊತ್ತಲ್ಲಿ ಮಲಗಬೇಡ’ ಅಂತ ಬೈಸಿಕೊಂಡವರಿಗೆಲ್ಲ ಅದು ಯಾವ ಹೊತ್ತು ಅಂತ ಗೊತ್ತು. ಹಕ್ಕಿಗೆ ‘ಕಡಲಹಕ್ಕಿ’ ಅಂತ ಬಿಡಿಸಿಯೇ ಬರೆದೆ. ‘ಕಡಲಕ್ಕಿ’ ಅಂದರೆ ಹಕಾರ ನುಂಗುವ ನಮ್ಮ ಜನ ಕಡಲಿನ ಅಕ್ಕಿಯ ರೇಟು ಕೇಳುತ್ತಾರೆ.

ಈಗ ಕುಂದಾಪುರ, ಭಟ್ಕಳ, ಕಾರವಾರದ ಕಡೆಯವರು ಹೇಳಿ. ಅಲೆ ಬಡಿದು ಗಾಳಿಗೆ ಬರುವ ಆ ನೀರಿಗೆ ನಿಮ್ಮ ಮನೆಗಳಲ್ಲಿ, ದೋಣಿಗಳಲ್ಲಿ ಏನನ್ನುತ್ತೀರಿ? ಮಳೆಯಿಲ್ಲದೆ ‘ಎರಚಲು’ ಅಂದರೆ ನಿಮ್ಮ ಕಿವಿಗೆ ಇರುಸುಮುರುಸು ಆಗುತ್ತಾ? ಮಲೆನಾಡಿನವರೂ ಹೇಳಿ. ಕೆಲವರು ‘ಇರಚಲು’ ಅನ್ನುವುದನ್ನೂ ಕೇಳಿದ್ದೇನೆ, ಬರೆಯುವಾಗ ಯಾವುದು ಇಡಲಿ? ಎರಡನೇ ಫೋಟೊದ ಬಿಳಿ ಹೊಗೆಗೆ ಪದ ಹೊಳೆದರೆ ಅದನ್ನೂ ಕೊಡಿ. ಶುಕ್ರವಾರ ಪ್ರಿಂಟಿಗೆ ಹೋಗಬೇಕು, ಅಲ್ಲಿಯವರೆಗೆ ಆ ಜಾಗ ಖಾಲಿ ಬಿಟ್ಟಿರುತ್ತೇನೆ.