ದಿನವಿಡೀ ಬರುವ ಸಪೋರ್ಟ್ ಕೋರಿಕೆಗಳ ನಡುವೆ ಪ್ರಾಜೆಕ್ಟ್ ಕೆಲಸ ಮುಗಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ಜನರಿರುವ ಸಿಸ್ಟಮ್ಸ್ ತಂಡವೊಂದರಲ್ಲಿದ್ದೇನೆ. ಸರ್ವರ್‌ಗಳ ನಿರ್ವಹಣೆ, ಬ್ಯಾಕಪ್ ಮತ್ತು ಸದ್ಯ ನಡೆಯುತ್ತಿರುವ ಡೇಟಾಬೇಸ್ ಮೈಗ್ರೇಶನ್ (ಡೇಟಾವನ್ನು ಬೇರೊಂದು ವ್ಯವಸ್ಥೆಗೆ ಸಾಗಿಸುವ ಕೆಲಸ) ನನ್ನ ಹೊಣೆ. ಆದರೆ ದಿನದ ಬಹುಪಾಲು ಪಾಸ್‌ವರ್ಡ್ ರೀಸೆಟ್, ವಿಪಿಎನ್ ತೊಂದರೆ, ಫೋಲ್ಡರ್ ಪರ್ಮಿಶನ್ ಮುಂತಾದವುಗಳಲ್ಲೇ ಕಳೆಯುತ್ತದೆ. ಕೋರಿಕೆಗಳನ್ನು ದಾಖಲಿಸುವ ಟಿಕೆಟ್ ವ್ಯವಸ್ಥೆ ಇದ್ದರೂ ಹೆಚ್ಚಿನವರು ಚಾಟ್‌ನಲ್ಲಿ ಕೇಳುತ್ತಾರೆ, ಇಲ್ಲವೇ ಮೇಜಿನ ಬಳಿಗೇ ಬಂದು ನಿಲ್ಲುತ್ತಾರೆ.

ಕಳೆದ ವಾರ ಮೈಗ್ರೇಶನ್ ಸ್ಕ್ರಿಪ್ಟ್ ಪರೀಕ್ಷಿಸುವಾಗ ಮೂರು ಬಾರಿ ಎದ್ದು ಹೋಗಬೇಕಾಯಿತು. ಮೂರನೆಯ ಸಲ ಮರಳಿ ಕುಳಿತವನು ಟೇಬಲ್ ಅಳಿಸುವ ಕಮಾಂಡನ್ನು ಟೆಸ್ಟ್ ಸರ್ವರಿನ ಬದಲು, ಎಲ್ಲರೂ ನಿಜವಾಗಿ ಬಳಸುವ ಪ್ರೊಡಕ್ಷನ್ ಸರ್ವರಿನ ವಿಂಡೋದಲ್ಲಿ ಟೈಪ್ ಮಾಡಿದ್ದೆ; ಎಂಟರ್ ಒತ್ತುವ ಮೊದಲು ಸರ್ವರಿನ ಹೆಸರು ಕಣ್ಣಿಗೆ ಬಿದ್ದುದರಿಂದ ಉಳಿದುಕೊಂಡೆ. ಆ ಭಯ ಇನ್ನೂ ಹೋಗಿಲ್ಲ. ಕಷ್ಟ ಹೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಮನಸ್ಸು ಒಪ್ಪುವುದಿಲ್ಲ, ಹಾಗೆಂದು ಹೀಗೆಯೇ ಮುಂದುವರಿಯಲೂ ಆಗದು. ಅನುಭವಿಗಳು ದಾರಿ ತೋರಿಸಬೇಕು.

ಉತ್ತರ 1

ನೀವು ನಾಲ್ವರಿದ್ದೀರಿ ಎಂಬುದೇ ನಿಮಗಿರುವ ದೊಡ್ಡ ಅನುಕೂಲ. ದಿನಕ್ಕೊಬ್ಬರಂತೆ ಸರದಿ ಹಾಕಿಕೊಳ್ಳಿ: ಆ ದಿನ ಚಾಟ್, ಫೋನ್, ಮೇಜಿನ ಬಳಿ ಬರುವವರು ಎಲ್ಲವೂ ಸರದಿಯವರ ಪಾಲು, ಅವರಿಂದ ಪ್ರಾಜೆಕ್ಟ್ ಕೆಲಸವನ್ನು ಯಾರೂ ನಿರೀಕ್ಷಿಸಬಾರದು, ಉಳಿದ ಮೂವರನ್ನು ಯಾರೂ ಎಬ್ಬಿಸಬಾರದು. ಗೂಗಲ್‌ನ ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್ ತಂಡಗಳಲ್ಲಿ (ಸೇವೆಗಳು ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವ ತಂಡಗಳು) ಇಂಥ ಮತ್ತೆ ಮತ್ತೆ ಕೈಯಾರೆ ಮಾಡುವ ಕೆಲಸವನ್ನು ಒಟ್ಟು ಸಮಯದ ಶೇ. 50ರೊಳಗೆ ಇಡಬೇಕೆಂಬ ಗುರಿಯೇ ಇದೆ. ಮ್ಯಾನೇಜರ್ ಒಪ್ಪದಿದ್ದರೆ ಈ ಮಾತನ್ನು ಅವರ ಮುಂದಿಡಿ.

ಇನ್ನು ನಿಮ್ಮ ಪ್ರಸಂಗದ ಬಗ್ಗೆ. ಅದನ್ನು ಅಜಾಗರೂಕತೆ ಎಂದುಕೊಳ್ಳಬೇಡಿ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದಂಶ ಹಿಂದಿನದರಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಹಾಗಾಗಿ ಏಳಲೇಬೇಕಾದಾಗ, "ಯಾವ ಸರ್ವರ್, ಯಾವ ಹಂತ, ಮುಂದೇನು" ಎಂದು ಒಂದು ಸಾಲು ಬರೆದಿಟ್ಟು ಏಳಿ. ಬಂದವರು ಆ ಅರ್ಧ ನಿಮಿಷ ಖಂಡಿತ ಕಾಯುತ್ತಾರೆ.

ಉತ್ತರ 2

ಸರದಿ ಒಳ್ಳೆಯದೇ, ಆದರೆ ಅದು ಹೊರೆಯನ್ನು ಹಂಚುತ್ತದೆಯೇ ಹೊರತು ಇಳಿಸುವುದಿಲ್ಲ. ಐಟಿ ಸೇವೆಗಳ ನಿರ್ವಹಣೆಗೆ ಬಳಸುವ ಐಟಿಐಎಲ್ ಪದ್ಧತಿಯಲ್ಲಿ ಇನ್ಸಿಡೆಂಟ್ ಮತ್ತು ಪ್ರಾಬ್ಲಂ ಎಂಬೆರಡನ್ನು ಬೇರೆಯಾಗಿ ಇಟ್ಟಿರುವುದು ಇದಕ್ಕಾಗಿಯೇ: ಮೊದಲನೆಯದು ಈಗ ಆಗಿರುವ ತೊಂದರೆ, ಎರಡನೆಯದು ಅದರ ಹಿಂದಿರುವ ಕಾರಣ.

ನಮ್ಮಲ್ಲಿ ಎರಡು ವಾರ ಚಾಟ್‌ನಲ್ಲಿ ಬಂದ ಸಣ್ಣ ಮಾತನ್ನೂ ಬಿಡದೆ ಟಿಕೆಟ್ ಮಾಡಿದೆವು. ಅಕೌಂಟ್ ಲಾಕ್ ಆಗುವ ದೂರೇ ಎಲ್ಲಕ್ಕಿಂತ ಹೆಚ್ಚು ಇತ್ತು. ಹುಡುಕುತ್ತಾ ಹೋದಾಗ ತಿಳಿದದ್ದು, ಜನರು ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಅವರ ಫೋನಿನ ಮೇಲ್ ಆ್ಯಪ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳುಹಿಸಿ ಅಕೌಂಟನ್ನು ಲಾಕ್ ಮಾಡಿಸುತ್ತಿತ್ತು. ಪಾಸ್‌ವರ್ಡ್ ಅವಧಿ ಮುಗಿಯುವ ಸೂಚನೆಯ ಮೇಲ್‌ನಲ್ಲೇ "ಫೋನಿನಲ್ಲೂ ಬದಲಾಯಿಸಿ" ಎಂಬ ಸಾಲನ್ನು ಚಿತ್ರಸಹಿತ ಸೇರಿಸಿದೆವು, ಜೊತೆಗೆ ತಾವೇ ರೀಸೆಟ್ ಮಾಡಿಕೊಳ್ಳುವ ಪುಟವನ್ನೂ ಕೊಟ್ಟೆವು. ಆ ದೂರು ಬಹುಮಟ್ಟಿಗೆ ನಿಂತಿತು. ಟಿಕೆಟ್ ಇಲ್ಲದೆ ಮಾಡಿಕೊಟ್ಟ ಸಹಾಯ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದ್ದರಿಂದ ಮೊದಲ ದಿನಗಳಲ್ಲಿ ಅವರ ಪರವಾಗಿ ನೀವೇ ಟಿಕೆಟ್ ತೆರೆದು ಲಿಂಕ್ ಕಳುಹಿಸಿ.

ಉತ್ತರ 3

ಮ್ಯಾನೇಜರಿಗೆ ತೋರಿಸಲು ಇನ್ನೊಂದು ಲೆಕ್ಕವಿದೆ. ಕೋರಿಕೆಗಳು ಹೊತ್ತುಗೊತ್ತಿಲ್ಲದೆ ಬರುತ್ತಾ ಒಬ್ಬರೇ ಅವುಗಳನ್ನು ನೋಡಿಕೊಳ್ಳುವಲ್ಲಿ, ಸರತಿ ಸಿದ್ಧಾಂತದ (ಸಾಲಿನಲ್ಲಿ ಕಾಯುವಿಕೆಯ ಗಣಿತ) ಅತಿ ಸರಳ ಮಾದರಿಯಂತೆ, ಆ ವ್ಯಕ್ತಿಯ ಸಮಯ ಶೇ. 80ರಷ್ಟು ತುಂಬಿದ್ದರೆ ಸರಾಸರಿ ಕಾಯುವಿಕೆ ಒಂದು ಕೋರಿಕೆಗೆ ತಗಲುವ ಅವಧಿಯ 4 ಪಟ್ಟು, ಶೇ. 90 ತುಂಬಿದರೆ 9 ಪಟ್ಟು. ಸರದಿಯವರು ಆಗಾಗ ಬಿಡುವಾಗಿ ಕಂಡರೆ ಅದು ಸೋಮಾರಿತನವಲ್ಲ, ಆ ಬಿಡುವಿನಿಂದಲೇ ಜನರಿಗೆ ಬೇಗ ಉತ್ತರ ಸಿಗುವುದು.

ಹಾಗೆಯೇ, ಯಾರನ್ನೂ "ಟಿಕೆಟ್ ಹಾಕಿ" ಎಂಬ ಒಂದೇ ಮಾತಿನಲ್ಲಿ ಸಾಗಹಾಕಬೇಡಿ. "ನೋಡಿದೆ, ಮಧ್ಯಾಹ್ನ ಮೂರರೊಳಗೆ ಮಾಡಿಕೊಡುತ್ತೇವೆ" ಎಂದು ಹೊತ್ತು ತಿಳಿಸಿ, ಅದನ್ನು ಉಳಿಸಿಕೊಂಡರೆ ಜನ ಮೇಜಿನ ಬಳಿ ಬಂದು ನಿಲ್ಲುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೋಮವಾರದಿಂದ ಸರದಿ ಆರಂಭಿಸಲು ತಂಡದವರು ಒಪ್ಪಿದ್ದಾರೆ, ಮೊದಲ ದಿನವನ್ನು ನಾನೇ ವಹಿಸಿಕೊಂಡಿದ್ದೇನೆ. ಪ್ರೊಡಕ್ಷನ್ ಸರ್ವರಿನ ಟರ್ಮಿನಲ್ ಹಿನ್ನೆಲೆಯನ್ನು ಇಂದೇ ಕಡುಗೆಂಪಿಗೆ ಬದಲಾಯಿಸಿದೆ. ಎರಡು ವಾರಗಳ ಟಿಕೆಟ್ ಲೆಕ್ಕ ಕೈಗೆ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.