ಹೊಸ ಬ್ಯಾಟರಿ ಹಾಕಿದರೆ ಗಾಡಿಗೆ ರಿಜಿಸ್ಟರ್ ಮಾಡಿಸಲೇಬೇಕಾ?

ಪ್ರಶ್ನೆ: ಸರ್, ನಮಸ್ತೆ. ನನ್ನದು ಆರು ವರ್ಷದ ಪೆಟ್ರೋಲ್ ಕಾರು, ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಆರಿ ಮತ್ತೆ ಹತ್ತುವ ಸ್ಟಾರ್ಟ್-ಸ್ಟಾಪ್ ಇದೆ. ಕೆಲವು ದಿನ ಓಡಿಸದೆ ನಿಲ್ಲಿಸಿದ್ದೆ. ಈಗ ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್ ಅನ್ನುತ್ತದೆ, ಮೀಟರ್ ದೀಪಗಳೆಲ್ಲ ಮಂಕಾಗುತ್ತವೆ. ನಾನೇ ಹೊಸ ಬ್ಯಾಟರಿ ಹಾಕಿಕೊಳ್ಳೋಣ ಅಂತಿದ್ದೇನೆ. ಪರಿಚಯದವರೊಬ್ಬರು "ಸುಮ್ನೆ ಹಾಕಿದರೆ ಆಗಲ್ಲ, ಸ್ಕ್ಯಾನರ್ ಹಾಕಿ ರಿಜಿಸ್ಟರ್ ಮಾಡಿಸಬೇಕು" ಅಂದರು. ಇನ್ನೊಬ್ಬರು "ಅದೆಲ್ಲ ದುಡ್ಡು ಕೀಳೋ ದಾರಿ" ಅಂದರು. ಯಾರ ಮಾತು ಕೇಳಲಿ?

ಉತ್ತರ: ನಮಸ್ತೆ ಸರ್. ರಿಜಿಸ್ಟರ್ ಅಂದರೆ ಹೊಸ ಬ್ಯಾಟರಿ ಹಾಕಿದ್ದೇವೆ ಅಂತ ಗಾಡಿಯ ಕಂಪ್ಯೂಟರಿಗೆ ತಿಳಿಸುವುದು. ಮೊದಲನೆಯವರ ಮಾತು ಎಲ್ಲ ಗಾಡಿಗೂ ಅಲ್ಲದಿದ್ದರೂ ನಿಮ್ಮಂಥ ಗಾಡಿಗೆ ಹೆಚ್ಚಾಗಿ ನಿಜ. ಆದರೆ ಅದಕ್ಕಿಂತ ಮುಂಚೆ ಒಂದು ಕೆಲಸ ಇದೆ. ಬ್ಯಾಟರಿ ಡೌನ್ ಆಗುವುದು ಬೇರೆ, ಹಾಳಾಗುವುದು ಬೇರೆ. ಡೋರ್ ಸರಿಯಾಗಿ ಮುಚ್ಚದೆ ಒಳಗಿನ ಲೈಟ್ ಉರಿಯುತ್ತಿದ್ದರೂ ಬ್ಯಾಟರಿ ಹೀಗೇ ಮಲಗುತ್ತದೆ.

ಒಂದು ಮಲ್ಟಿಮೀಟರ್ ತಗೊಳ್ಳಿ. ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ಪೂರ್ತಿ ಚಾರ್ಜ್ ಮಾಡಿ. ಆಮೇಲೆ ಒಂದು ರಾತ್ರಿ ಹಾಗೇ ಬಿಟ್ಟು ವೋಲ್ಟೇಜ್ ನೋಡಿ. 12.6 ಅಥವಾ ಅದಕ್ಕಿಂತ ಮೇಲಿದ್ದರೆ ಚಾರ್ಜ್ ಉಳಿದಿದೆ. 12.2 ಅಂದರೆ ಅರ್ಧ ಖಾಲಿ. ನಂತರ ಬೇರೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ, ಆ ಕ್ಷಣ ಮೀಟರ್ ಎಷ್ಟಕ್ಕೆ ಇಳಿಯುತ್ತದೆ ಅಂತ ಗಮನಿಸಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯಲ್ಲಿ ತಾಕತ್ತಿಲ್ಲ. ಇಂಜಿನ್ ಓಡುವಾಗಲೂ ಒಮ್ಮೆ ನೋಡಿಬಿಡಿ. ಸಾಮಾನ್ಯವಾಗಿ 13.8ರಿಂದ 14.7ರ ಒಳಗೆ ಬರಬೇಕು. ಹೊಸ ಮಾದರಿಯ ಗಾಡಿಗಳಲ್ಲಿ ಇದು ಆಗಾಗ ಏರಿಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ 12ರ ಆಸುಪಾಸಿನಲ್ಲೇ ನಿಂತರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕಡೆ ತೊಂದರೆ. ಆಗ ಹೊಸ ಬ್ಯಾಟರಿ ಹಾಕಿದರೂ ಮತ್ತೆ ಡೌನ್ ಆಗುತ್ತದೆ.

ಪ್ರಶ್ನೆ: ಥ್ಯಾಂಕ್ಸ್ ಸರ್. ಚೆಕ್ ಮಾಡಿದೆ. ರಾತ್ರಿ ಬಿಟ್ಟಮೇಲೆ 12.1, ಸೆಲ್ಫ್ ಹೊಡೆದಾಗ 8ಕ್ಕೆ ಇಳಿಯಿತು. ಇಂಜಿನ್ ಓಡುವಾಗ 14.4. ಬ್ಯಾಟರಿ ಮೇಲೆ ಎಜಿಎಂ, 70 ಎಎಚ್ ಅಂತಿದೆ. ಸಾದಾ ಬ್ಯಾಟರಿ ಹಾಕಬಹುದಾ? 80 ಎಎಚ್ ಹಾಕಿದರೆ ಇನ್ನೂ ಒಳ್ಳೆಯದಾ?

ಉತ್ತರ: ಹಾಗಾದರೆ ಬ್ಯಾಟರಿ ಹೋಗಿದೆ, ಆಲ್ಟರ್ನೇಟರ್ ಚೆನ್ನಾಗಿದೆ.

ಎಜಿಎಂ ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ, ಹೆಚ್ಚು ತಾಳುವ ಬ್ಯಾಟರಿ. ಅದು ಇದ್ದ ಜಾಗಕ್ಕೆ ಅದನ್ನೇ ಹಾಕಿ. ಸ್ಟಾರ್ಟ್-ಸ್ಟಾಪ್ ಗಾಡಿಯಲ್ಲಿ ಸಿಗ್ನಲ್ ಸಿಗ್ನಲ್‌ಗೂ ಇಂಜಿನ್ ಆರುತ್ತದೆ, ಮತ್ತೆ ಹತ್ತುತ್ತದೆ. ಆರಿದಾಗ ಫ್ಯಾನ್, ಲೈಟ್, ಮ್ಯೂಸಿಕ್ ಎಲ್ಲ ಬ್ಯಾಟರಿ ಮೇಲೇ ನಡೆಯಬೇಕು. ಸಾದಾ ಬ್ಯಾಟರಿ ಈ ಪೆಟ್ಟು ತಾಳುವುದಿಲ್ಲ, ಬೇಗ ಸೋಲುತ್ತದೆ. ಇಎಫ್‌ಬಿ (ಸಾದಾ ಬ್ಯಾಟರಿಯನ್ನೇ ಗಟ್ಟಿ ಮಾಡಿದ ಜಾತಿ) ಇದ್ದ ಗಾಡಿಗೆ ಎಜಿಎಂ ಹಾಕಿದರೆ ಸರಿ, ಎಜಿಎಂ ಇಳಿಸಿ ಇಎಫ್‌ಬಿ ಹಾಕಬೇಡಿ.

ಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ನಿಮಗೆ 80 ಬೇಕಿಲ್ಲ. ಹಾಕಲೇಬೇಕು ಅಂದರೆ ಟ್ರೇನಲ್ಲಿ ಕೂರುತ್ತದಾ, ಪ್ಲಸ್-ಮೈನಸ್ ಅದೇ ಕಡೆ ಇವೆಯಾ ನೋಡಿ, ಆಮೇಲೆ ಗಾಡಿಗೂ 80 ಅಂತ ಕೋಡಿಂಗ್ ಮಾಡಿಸಬೇಕಾಗುತ್ತದೆ. ಕ್ರ್ಯಾಂಕಿಂಗ್ ಆಂಪ್ಸ್ (ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕೊಡಬಲ್ಲ ಕರೆಂಟು) ಹಳೆಯದಕ್ಕಿಂತ ಕಡಿಮೆ ಇರಬಾರದು. ತಯಾರಾದ ತಾರೀಖನ್ನೂ ನೋಡಿ ತಗೊಳ್ಳಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಬ್ಯಾಟರಿ ಚಾರ್ಜ್ ಕಳೆದುಕೊಂಡಿರುತ್ತದೆ.

ಈಗ ರಿಜಿಸ್ಟರ್ ವಿಷಯ. ನಿಮ್ಮ ಬ್ಯಾಟರಿಯ ಮೈನಸ್ ಟರ್ಮಿನಲ್ ನೋಡಿ. ಕ್ಲ್ಯಾಂಪ್‌ಗೆ ಅಂಟಿಕೊಂಡ ಹಾಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿ, ಅದರಿಂದ ಹೊರಟ ಸಣ್ಣ ವೈರ್ ಕಾಣುತ್ತದಾ? ಅದು ಬ್ಯಾಟರಿ ಸೆನ್ಸರ್. ಬ್ಯಾಟರಿಗೆ ಒಳಹೋಗುವ, ಹೊರಬರುವ ಕರೆಂಟು, ವೋಲ್ಟೇಜ್, ಬಿಸಿ ಮೂರನ್ನೂ ಅಳೆಯುತ್ತಿರುತ್ತದೆ. ಅದರ ಲೆಕ್ಕ ಇಟ್ಟುಕೊಂಡು ಕಂಪ್ಯೂಟರು ಈ ಬ್ಯಾಟರಿ ಎಷ್ಟು ಬಳಲಿದೆ ಅಂತ ಅಂದಾಜು ಮಾಡುತ್ತದೆ, ಚಾರ್ಜಿಂಗನ್ನು ಅದಕ್ಕೆ ಹೊಂದಿಸುತ್ತದೆ. ನೀವು ಹೇಳದೆ ಹೊಸದು ಹಾಕಿದರೆ ಗಾಡಿಯ ತಲೆಯಲ್ಲಿ ಇನ್ನೂ ಆರು ವರ್ಷದ ಮುದಿ ಬ್ಯಾಟರಿಯೇ ಇರುತ್ತದೆ. ಹಳೆಯದಕ್ಕೆ ಮಾಡುತ್ತಿದ್ದ ಹಾಗೇ ಹೊಸದನ್ನೂ ಚಾರ್ಜ್ ಮಾಡುತ್ತದೆ. ಎಷ್ಟೋ ಜನರಿಗೆ ಹೊಸ ಬ್ಯಾಟರಿ ಹಾಕಿದರೂ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ.

ಗಾಡಿ ಸ್ಟಾರ್ಟ್ ಅಂತೂ ಆಗುತ್ತದೆ. ಅದಕ್ಕೇ ಜನ ಇದನ್ನು ದುಡ್ಡು ಕೀಳುವ ದಾರಿ ಅನ್ನುವುದು. ನಷ್ಟ ಅವತ್ತೇ ಕಾಣುವುದಿಲ್ಲ, ಹೊಸ ಬ್ಯಾಟರಿಯ ಆಯಸ್ಸಿನಲ್ಲಿ ಕಾಣುತ್ತದೆ. ಬಿಎಂಡಬ್ಲ್ಯು ಗಾಡಿಗಳಲ್ಲಿ ಸ್ಕ್ಯಾನರ್‌ನಿಂದ ರಿಜಿಸ್ಟರ್ ಮಾಡುತ್ತಾರೆ, ಎಎಚ್ ಅಥವಾ ಜಾತಿ ಬದಲಾದರೆ ಕೋಡಿಂಗ್ ಕೂಡ. ಆಡಿ, ಫೋಕ್ಸ್‌ವ್ಯಾಗನ್‌ನ ಬಹಳಷ್ಟು ಮಾದರಿಗಳಲ್ಲಿ ಎಎಚ್, ಕಂಪನಿ, ಸೀರಿಯಲ್ ನಂಬರ್ ತುಂಬಿಸುತ್ತಾರೆ. ಕೆಲವು ಗಾಡಿಗಳು ನಿಂತಾಗ ತಾವೇ ಅಳೆದುಕೊಂಡು ನಿಧಾನಕ್ಕೆ ಸರಿಹೋಗುತ್ತವೆ. ನಿಮ್ಮದು ಯಾವ ಥರ ಅಂತ ಮಾದರಿ ಹೇಳಿ ಸರ್ವಿಸ್‌ನವರನ್ನು ಕೇಳಿ. ಹಳೇ ಬ್ಯಾಟರಿ ಬಿಚ್ಚುವ ಮುಂಚೆಯೇ ಹೊಸದರ ಲೇಬಲ್ ಫೋಟೋ ತೆಗೆದಿಡಿ. ಕೂರಿಸಿದ ಮೇಲೆ ಎಷ್ಟೋ ಗಾಡಿಯಲ್ಲಿ ಆ ನಂಬರ್ ಓದುವುದಕ್ಕೇ ಆಗಲ್ಲ.

ಪ್ರಶ್ನೆ: ಬಿಚ್ಚುವಾಗ ಹುಷಾರಾಗಿರಬೇಕಾದದ್ದು ಏನು ಸರ್?

ಉತ್ತರ: ಇಗ್ನಿಷನ್ ಆಫ್ ಮಾಡಿ, ಕೀಯನ್ನು ಗಾಡಿಯಿಂದ ದೂರ ಇಟ್ಟು, ಅರ್ಧ ಗಂಟೆ ಸುಮ್ನೆ ಬಿಡಿ. ಒಳಗಿನ ಕಂಪ್ಯೂಟರುಗಳೆಲ್ಲ ಮಲಗಲಿ. ಆಮೇಲೆ ಮೊದಲು ಮೈನಸ್ ಬಿಚ್ಚಿ, ನಂತರ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಮೈನಸ್ ಇದ್ದಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್. ಸ್ಪ್ಯಾನರ್ ಕೆಂಪಗೆ ಕಾಯುತ್ತದೆ, ಬ್ಯಾಟರಿ ಸಿಡಿಯಲೂಬಹುದು. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ.

ಸೆನ್ಸರ್ ಇರುವ ಮೈನಸ್ ಕ್ಲ್ಯಾಂಪನ್ನು ಸ್ಕ್ರೂಡ್ರೈವರ್ ತೂರಿಸಿ ಎತ್ತಬೇಡಿ, ಮುರಿಯುತ್ತದೆ. ನಟ್ ಸಡಿಲಿಸಿ ಕೈಯಲ್ಲೇ ಅಲ್ಲಾಡಿಸಿ ತೆಗೆಯಿರಿ. ಬ್ಯಾಟರಿಯ ಪಕ್ಕದಲ್ಲಿ ಗಾಳಿ ಹೋಗುವ ಪೈಪ್ ಇದ್ದರೆ ಹೊಸದಕ್ಕೂ ಸಿಕ್ಕಿಸಿ. ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇದ್ದರೆ ಇದನ್ನು ಮರೆಯಲೇಬಾರದು, ಹೈಡ್ರೋಜನ್ ಗಾಡಿಯೊಳಗೆ ತುಂಬಬಾರದು. ಕೆಳಗಿನ ಹಿಡಿತದ ಬೋಲ್ಟ್ ಗಟ್ಟಿ ಮಾಡಿ, ಅಲುಗಾಟಕ್ಕೆ ಒಳಗಿನ ಪ್ಲೇಟ್‌ಗಳು ಹಾಳಾಗುತ್ತವೆ. ಟರ್ಮಿನಲ್ ಮಾತ್ರ ಜೀವ ಹೋಗುವ ಹಾಗೆ ಬಿಗಿಯಬೇಡಿ, ಸೀಸ ಮೆತ್ತಗಿನ ಲೋಹ.

ಸ್ಟಾರ್ಟ್ ಮಾಡಿದ ಮೇಲೆ ಸ್ಟೇರಿಂಗ್ ಲೈಟೋ ಇಎಸ್‌ಪಿ (ಗಾಡಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಲೈಟೋ ಉರಿಯಬಹುದು. ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಹೆಚ್ಚಾಗಿ ಆರುತ್ತದೆ. ಗಾಜು ಒಂದೇ ಒತ್ತಿಗೆ ಏರದಿದ್ದರೆ, ಪೂರ್ತಿ ಮೇಲೆ ಏರಿಸಿ ಬಟನ್ ಕೆಲವು ಸೆಕೆಂಡು ಹಿಡಿದುಕೊಳ್ಳಿ. ಹಳೇ ಸ್ಟೀರಿಯೋ ಆದರೆ ಕೋಡ್ ಕೇಳಬಹುದು, ಮುಂಚೆಯೇ ಹುಡುಕಿಟ್ಟುಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮದು ಹಳೇ ಗಾಡಿ, ಸೆನ್ಸರ್ ಗಿನ್ಸರ್ ಏನೂ ಇಲ್ಲ. ಹೊಸ ಬ್ಯಾಟರಿ ಹಾಕಿದರೂ ಎರಡು ದಿನ ನಿಂತರೆ ಡೌನ್. ಇದಕ್ಕೂ ರಿಜಿಸ್ಟರ್ ಬೇಕಾ?

ಉತ್ತರ: ಬೇಡ ಮೇಡಂ. ನಿಮ್ಮ ಗಾಡಿಯಲ್ಲಿ ನಿಂತಾಗಲೂ ಯಾವುದೋ ಒಂದು ಉಪಕರಣ ಕರೆಂಟು ಎಳೆಯುತ್ತಿರಬಹುದು. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಕಳೆದ ಮೇಲೆ ಮೈನಸ್ ವೈರಿನ ಮಧ್ಯೆ ಮೀಟರ್ ಹಾಕಿ ಅಳೆಸಿ. ಸುಮಾರು 50 ಮಿಲಿಆಂಪ್ ಒಳಗಿದ್ದರೆ ಸರಿ. ಜಾಸ್ತಿ ಬಂದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಬೇಕು, ಯಾವುದನ್ನು ಕಿತ್ತಾಗ ಇಳಿಯುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಗಾಡಿ ಕೊಂಡ ಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಕ್ಯಾಮೆರಾ, ಅಲಾರಂ ಇದ್ದರೆ ಅವುಗಳಿಂದಲೇ ಶುರು ಮಾಡಲು ಹೇಳಿ.

ಮೊದಲು ಕೇಳಿದವರ ಪ್ರಶ್ನೆ: ಕೊನೆಯದು ಸರ್. ಮುಂದೆ ಎಂದಾದರೂ ಚಾರ್ಜರ್ ಹಾಕಬೇಕಾದರೆ ಈ ಸೆನ್ಸರ್‌ಗೆ ಏನಾದರೂ ಆಗುತ್ತಾ?

ಉತ್ತರ: ಏನೂ ಆಗಲ್ಲ, ಆದರೆ ಮೈನಸ್ ಕ್ಲಿಪ್ಪನ್ನು ಬ್ಯಾಟರಿ ಮೇಲೆ ಹಾಕಬೇಡಿ, ಬಾಡಿ ಅರ್ತ್‌ಗೆ (ಗಾಡಿಯ ಬಾಡಿಯ ಬರೀ ಲೋಹಕ್ಕೆ) ಹಾಕಿ. ಆಗ ಕರೆಂಟು ಸೆನ್ಸರ್ ಮೂಲಕವೇ ಹಾದುಹೋಗುತ್ತದೆ, ಎಷ್ಟು ಚಾರ್ಜ್ ತುಂಬಿತು ಅನ್ನುವುದು ಗಾಡಿಗೆ ಗೊತ್ತಾಗುತ್ತದೆ. ಚಾರ್ಜರ್‌ನಲ್ಲಿ ಎಜಿಎಂ ಮೋಡ್ ಇದ್ದರೆ ಅದನ್ನೇ ಇಡಿ.